ಖಾಲಿ ಕಾಲಮ್ಮಿನ ಮರಿಸ್ವಾಮಿ

…ಅಥವಾ ಅದು ಅಡಿಪಟ್ಟಿ ಆಗಿರಲೇ ಇಲ್ಲವೇನೋ. ಊದುಬತ್ತಿ ಪೊಟ್ಟಣದ ರಟ್ಟು ಎನ್ನುತ್ತಾನೆ ನನ್ನ ತಮ್ಮ ಲೋಕೇಶ. ನನ್ನ ನೆನಪಿನಲ್ಲಿ ಮಾತ್ರ ಮರಿಸ್ವಾಮಿಯವರ ಕೈಯಲ್ಲಿ ಸ್ಟೀಲಿನ ಅಡಿಪಟ್ಟಿಯೇ ಇದೆ. ಅದನ್ನು ಒಂದೊಂದೇ ಸಾಲಿನ ಕೆಳಗೆ ಇಳಿಸುತ್ತಾರೆ, ನಿಲ್ಲುತ್ತಾರೆ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳುತ್ತಾರೆ: “ಇದನ್ನ ಯಾರು ನೋಡಿದ್ದು?”

ಸ್ಟೀಲಾದರೆ ಹೊಳೆಯುತ್ತದೆ, ಹೊಳೆದರೆ ವಾಕ್ಯ ಚೆನ್ನಾಗಿ ಬರುತ್ತದೆ. ನನ್ನ ನೆನಪು ಕೆಲಸ ಮಾಡುವುದೇ ಹೀಗೆ. ಅದನ್ನು ನಂಬಿ ಒಮ್ಮೆ ತಮ್ಮನ ಪಿಂಚಣಿಯನ್ನೇ ಕಳೆದಿದ್ದೆ.

ಮರಿಸ್ವಾಮಿಯವರು ಸೇನೆಯಲ್ಲಿ ಗುಮಾಸ್ತರಾಗಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಒಂಟಿಕೊಪ್ಪಲಿನ ಅವರ ಮನೆಯ ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಫೈಲುಗಳು, ಎರಡು ಕುರ್ಚಿ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ಎಡಗಾಲು. ಮಂಡಿ ಮಡಚುತ್ತಿರಲಿಲ್ಲ. ಬಂದವರು ನಿಂತೇ ಮಾತಾಡಬೇಕು. ಬರುತ್ತಿದ್ದವರೆಲ್ಲ ಮಾಜಿ ಸೈನಿಕರು. ಅಂಗವೈಕಲ್ಯ ಪಿಂಚಣಿ ಕೇಳಿ ಇಲ್ಲ ಅನ್ನಿಸಿಕೊಂಡವರು. ಅವರ ಅಪೀಲುಗಳನ್ನು ಇವರು ಬರೆದುಕೊಡುತ್ತಿದ್ದರು. ಆ ಕೋಣೆಯಲ್ಲಿ ಯಾರೂ “ಪಾಪ” ಅನ್ನುವ ಹಾಗಿರಲಿಲ್ಲ. ಯಾರಾದರೂ ಅಂದರೆ, “ಪಾಪ ಅನ್ನೋಕೆ ಫಾರಮ್ಮಲ್ಲಿ ಜಾಗ ಇಲ್ಲ ಕಣ್ರೀ” ಎಂದು ಗದರುತ್ತಿದ್ದರು.

ಲೋಕೇಶ ಹದಿನಾಲ್ಕು ವರ್ಷ ಫಿರಂಗಿ ದಳದಲ್ಲಿದ್ದವನು. ಎಡಗಿವಿ ಪೂರ್ತಿ ಹೋಯಿತು. ಸೇನೆ ಮನೆಗೆ ಕಳಿಸಿತು. ಕಳಿಸುವ ಮುಂಚೆ ವೈದ್ಯಮಂಡಳಿ, ಈ ಕಿವುಡು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಬರೆಯಿತು. ಆ ಒಂದು ಸಾಲಿಗೆ ಪಿಂಚಣಿ ಕೈತಪ್ಪಿತು. ಈಗ ಅವನು ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಸ್ಕೂಟರ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿದ್ದಾನೆ. ಅವರ ಇಂಗ್ಲಿಷು ಎರಡೂ ಕಿವಿ ಇದ್ದವರಿಗೇ ಕಷ್ಟ.

ಮನೆಯಲ್ಲೇ ಒಬ್ಬ ಕಥೆಗಾರನಿರುವಾಗ ಅಪೀಲನ್ನು ಬೇರೆಯವರಿಂದ ಬರೆಸುವುದೇ? ನಾನೇ ಬರೆದೆ. ಇಂಗ್ಲಿಷಿನಲ್ಲಿ, ಏಳು ಪುಟ. ಮೂರನೆಯ ಪುಟದಲ್ಲಿ ಒಂದು ಕೆರೆ ತಂದೆ. ಅದರ ಏರಿಯ ಮೇಲೆ ಹತ್ತು ವರ್ಷದ ಲೋಕೇಶ ನಡೆದು ಹೋಗುತ್ತಿದ್ದಾನೆ, ಹಿಂದಿನಿಂದ ನಾನು ಕೂಗುತ್ತೇನೆ, ಅವನು ತಿರುಗುವುದಿಲ್ಲ. “ಅಂದೇ ಮೌನ ಅವನನ್ನು ಕರೆಯುತ್ತಿತ್ತು” ಎಂದು ಬರೆದೆ. ಬರೆದು ಕಣ್ಣೊರೆಸಿಕೊಂಡದ್ದೂ ನೆನಪಿದೆ. ಆದರೆ ಅದನ್ನೂ ಆಮೇಲೆ ಸೇರಿಸಿರಬಹುದು.

ಕೆಲವು ತಿಂಗಳ ನಂತರ ದೆಹಲಿಯಿಂದ ಉತ್ತರ ಬಂತು. ಅರ್ಜಿದಾರರೇ ಹೇಳಿರುವಂತೆ ಶ್ರವಣದೋಷ ಬಾಲ್ಯದಿಂದಲೇ ಇತ್ತು. ಆದ್ದರಿಂದ ಅಪೀಲು ತಿರಸ್ಕೃತ. ಜೊತೆಗೆ ನನ್ನ ಕೆರೆ ಏರಿಯ ಸಾಲುಗಳನ್ನು ಹಾಗೇ ಎತ್ತಿ ಕೊಟ್ಟಿದ್ದರು. ಮೂವತ್ತು ವರ್ಷದ ನನ್ನ ಬರವಣಿಗೆಯನ್ನು ಅಷ್ಟು ಗಮನವಿಟ್ಟು ಓದಿದ ವಿಮರ್ಶಕರು ಬೇರೆ ಯಾರೂ ಇಲ್ಲ.

ಎರಡನೆಯ ಅಪೀಲಿಗೆ ಲೋಕೇಶ ನನ್ನನ್ನು ಮರಿಸ್ವಾಮಿಯವರಲ್ಲಿಗೆ ಎಳೆದುಕೊಂಡು ಹೋದ. ಅವರು ಏಳೂ ಪುಟ ಓದಿದರು. ಪ್ರತಿ ಸಾಲಿಗೂ ಅದೇ ಪ್ರಶ್ನೆ. ಕೆರೆ ಏರಿಗೆ ಬಂದಾಗ ಅಡಿಪಟ್ಟಿ ನಿಂತಿತು. ರಟ್ಟಾದರೂ ಸರಿ, ನಿಂತಿತು.

“ಸಾಹಿತಿಗಳೇ, ಅವತ್ತು ಇವನ ಕಿವಿಯೊಳಗೆ ಕೂತಿದ್ರಾ ನೀವು?”

ಅವರು ಲೋಕೇಶನ ಕಡೆ ತಿರುಗಿದರು. “ಸಹಿ ಹಾಕೋ ಮುಂಚೆ ನೀನಾದ್ರೂ ಓದ್ಬಾರ್ದಾಗಿತ್ತಾ?”

“ಏಳು ಪುಟ ಸಾರ್. ಅಣ್ಣ ಬರ್ದಿದ್ದನ್ನ ಮನೇಲಿ ಯಾರೂ ಓದಲ್ಲ.”

ಮರಿಸ್ವಾಮಿಯವರು ನಗಲಿಲ್ಲ. ಸೇನೆಗೆ ಸೇರುವಾಗ ಲೋಕೇಶನಿಗೆ ಮಾಡಿದ್ದ ವೈದ್ಯಕೀಯ ಪರೀಕ್ಷೆಯ ನಕಲು ತೆಗೆದು, ದೋಷಗಳನ್ನು ನಮೂದಿಸುವ ಕಾಲಮ್ಮಿನ ಮೇಲೆ ಬೆರಳಿಟ್ಟರು. ಅಲ್ಲಿ ಏನೂ ಇರಲಿಲ್ಲ.

“ಇದೇ ನಿಮ್ ತಮ್ಮನ ಆಸ್ತಿ. ಸೇರೋವಾಗ ಏನೂ ಬರ್ದಿಲ್ಲ ಅಂದ್ರೆ ಅವತ್ತು ಕಿವಿ ಚೆನ್ನಾಗಿತ್ತು ಅಂತ್ಲೇ ಲೆಕ್ಕ. ಆಮೇಲೆ ಕೆಟ್ರೆ ಸೇವೇಲಿ ಕೆಟ್ಟಿದ್ದು. ಅಲ್ಲ ಅನ್ನೋರು ಅವರು, ಕಾರಣ ಕೊಡಬೇಕಾದೋರೂ ಅವರೇ. ಅವರತ್ರ ಕಾರಣ ಇರ್ಲಿಲ್ಲ. ನೀವು ಬಂದ್ಬುಟ್ಟು ಖಾಲಿ ಕಾಲಂ ತುಂಬ್ಸಿಕೊಟ್ರಿ!”

“ಎದುರಿಗೆ ಕರೆಸಿ ಕೇಳಿದರೆ ಇವನೇ ಹೇಳ್ತಾನಲ್ಲ ಸಾರ್?”

“ಅಲ್ಲಿ ಯಾರೂ ಇವನ ಮುಖ ನೋಡಲ್ಲ ಕಣ್ರೀ. ಕಾಗದ ನೋಡ್ತಾರೆ.”

ಹಾಗಾದರೆ ಕೆರೆಯ ವಿಷಯ ಸುಳ್ಳು ಎಂದು ಪ್ರಮಾಣಪತ್ರ ಬರೆದುಕೊಡುತ್ತೇನೆ ಎಂದೆ. ಸುಳ್ಳು ಬರೆಯುವುದರಲ್ಲಿ ನನಗೆ ಅಷ್ಟಾದರೂ ಅನುಭವವಿತ್ತು.

“ಸುಳ್ಳಾ ಅದು?”

ಯೋಚಿಸಿದೆ. ಕೆರೆ ಇತ್ತು. ತಿರುಗದ ಬೆನ್ನೊಂದು ಇತ್ತು. ಅದು ಲೋಕೇಶನದೋ, ಚಿಕ್ಕಪ್ಪನ ಮಗನದೋ? ನಾನು ಕೂಗಿದೆನೋ, ಕೂಗಬೇಕು ಅಂದುಕೊಂಡೆನೋ? ಕೇಳಿಯೂ ಕೇಳದವನ ಹಾಗೆ ಹೋದನೋ?

“ಗೊತ್ತಿಲ್ಲ ಸಾರ್.”

“ಅದನ್ನೇ ಬರೀರಿ.”

“ಅಣ್ಣಾ, ನನ್ ಕಿವಿ ಬಗ್ಗೆ ನನ್ನನ್ನೊಂದ್ ಮಾತು ಕೇಳ್ಬೋದಿತ್ತಲ್ಲೋ” ಎಂದ ಲೋಕೇಶ, ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿಕೊಂಡು.

ಪ್ರಮಾಣಪತ್ರ ನಾಲ್ಕು ಸಾಲಾಯಿತು. ಕೆರೆಯ ಘಟನೆಯನ್ನು ಬರೆದವನು ನಾನು, ತಮ್ಮನಲ್ಲ. ಅದು ನಡೆಯಿತೇ ಎಂಬುದು ನನಗೆ ಖಚಿತವಿಲ್ಲ. ಅವನಿಗೆ ಕೇಳಿಸಿತೇ ಎಂಬುದು ಗೊತ್ತಿಲ್ಲ. ಗೊತ್ತಿರುವವನಂತೆ ಬರೆದದ್ದು ನನ್ನ ತಪ್ಪು. ಮರಿಸ್ವಾಮಿಯವರು ಓದಿ, ಮೊದಲ ಸಲ ಏನನ್ನೂ ಹೊಡೆದುಹಾಕದೆ, “ಕಾಫಿ ತತ್ತಾ ಕಣಮ್ಮಿ” ಎಂದು ಒಳಗೆ ಕೂಗಿದರು. ನನಗೆ ಬಂದಿರುವ ಏಕೈಕ ಸಾಹಿತ್ಯ ಪ್ರಶಸ್ತಿ ಆ ಕಾಫಿ.

ಹೊರಡುವಾಗ ಅವರ ಮಂಡಿಯ ಬಗ್ಗೆ ಕೇಳಿದೆ. ಅದಕ್ಕೆ ಪಿಂಚಣಿ ಬಂತೇ?

“ನಂದು ತುಂಬಿದ್ ಕಾಲಂ. ಸೇರೋವಾಗ ಡಾಕ್ಟ್ರು ಕೇಳಿದ್ರು, ಹಿಂದೆ ಏನಾದ್ರೂ ಪೆಟ್ಟು ಬಿದ್ದಿತ್ತಾ ಅಂತ. ಚಿಕ್ಕೋನಿದ್ದಾಗ ಹುಣಸೇಮರದಿಂದ ಬಿದ್ದಿದ್ದೆ, ಮಂಡಿ ಊದ್ಕೊಂಡಿತ್ತು ಅಂದ್ಬುಟ್ಟೆ. ಬರ್ಕೊಂಡ್ರು. ಎರಡು ಅಪೀಲೂ ಅದ್ರಲ್ಲೇ ಹೋಯ್ತು.”

“ಬಿದ್ದದ್ದು ನಿಜವಲ್ಲವೇ ಸಾರ್?”

“ನಂಗೆಲ್ಲಿ ನೆನಪು? ನಮ್ಮವ್ವ ಹೇಳ್ತಿತ್ತು. ಒಂದೊಂದ್ ಸಲ ಬಿದ್ದೋನು ನಮ್ಮಣ್ಣ ಅಂತ್ಲೂ ಹೇಳ್ತಿತ್ತು.”

ಇದನ್ನು ಅವರು ತಮ್ಮದೇ ಕಥೆಯಾಗಿ ನನಗೆ ಹೇಳಿದ್ದು. ಬೇರೆ ಯಾವನೋ ಸುಬೇದಾರನ ಕಥೆಯಾಗಿ ಹೇಳಿದರು ಎನ್ನುತ್ತಾನೆ ಲೋಕೇಶ. ಆಗ ಅವರ ಕಡೆಗಿದ್ದದ್ದು ಅವನ ಎಡಗಿವಿಯೋ ಬಲಗಿವಿಯೋ ಎಂಬುದರ ಮೇಲೆ ಯಾರ ಮಾತು ನಂಬಬೇಕೆಂಬುದು ನಿಂತಿದೆ. ಅದೂ ನೆನಪಿಲ್ಲ.

ಎರಡನೆಯ ಅಪೀಲು ಮಂಜೂರಾಯಿತು. ಆದೇಶದಲ್ಲಿ ಖಾಲಿ ಕಾಲಮ್ಮಿನ ಪ್ರಸ್ತಾಪವಿತ್ತು. ನನ್ನ ನಾಲ್ಕು ಸಾಲಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಓದಿದರೋ ಇಲ್ಲವೋ. ಕಾಗದ ಹಿಡಿದುಕೊಂಡು ಇಬ್ಬರೂ ಒಂಟಿಕೊಪ್ಪಲಿಗೆ ಓಡಿದೆವು. ಮರಿಸ್ವಾಮಿಯವರು ತೀರಿಕೊಂಡು ಹದಿನೈದು ದಿನವಾಗಿತ್ತು. ಕೋಣೆಯಲ್ಲಿ ಎರಡೂ ಕುರ್ಚಿ ಖಾಲಿ. ಅವರ ಹೆಂಡತಿ ಆದೇಶವನ್ನು ಬುದ್ಧನ ಪಟದ ಮುಂದೆ ಸ್ವಲ್ಪ ಹೊತ್ತು ಇಟ್ಟು, ವಾಪಸು ಕೊಟ್ಟು, “ಕೂತ್ಕೊಳ್ಳಿ” ಎಂದರು. ಕಾಲಿನ ಕುರ್ಚಿಯಲ್ಲಿ ಕೂರಲು ನಮಗಿಬ್ಬರಿಗೂ ಆಗಲಿಲ್ಲ.

ಮರದಿಂದ ಬಿದ್ದವರು ಮರಿಸ್ವಾಮಿಯವರೋ ಅವರ ಅಣ್ಣನೋ ಎಂದು ಆಕೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿಲ್ಲ.