ಫ್ಯೂಸ್ ಕಿತ್ತವರು ಯಾರು?

“ನಿಮ್ ಗಿಟಾರು ಗರ್ರ್ ಅಂತಿತ್ತಲ್ಲಪ್ಪ, ನನ್ ಸೆಟ್ಟೇ ಸುಟ್ಟೋಗ್ತೈತೆ ಅನ್ಕಂಡು ಫ್ಯೂಸ್ ಕಿತ್ಬುಟ್ಟೆ!”

ಮಧುಗಿರಿ ಬಸ್ ನಿಲ್ದಾಣದಲ್ಲಿ ಸಿಕ್ಕ ಮೈಕ್‌ಸೆಟ್ ಅಂಗಡಿಯ ಮುದುಕ ನಗುತ್ತಾ ಹೀಗೆಂದಾಗ ನಾನು ಟೀ ಲೋಟ ಕೆಳಗಿಟ್ಟೆ. ಓದುವ ವಯಸ್ಸಿನಲ್ಲಿ ನಾವು ನಾಲ್ವರು ಪಂಕ್ ಎಂಬ ಅಬ್ಬರದ ಸಂಗೀತದ ಬ್ಯಾಂಡ್ ಕಟ್ಟಿದ್ದೆವು. ಸಿರಾ, ಪಾವಗಡದ ಗಣೇಶನ ಪೆಂಡಾಲುಗಳಲ್ಲೆಲ್ಲ ನಮ್ಮದೇ ಗದ್ದಲ. ಕೊರಟಗೆರೆಯಲ್ಲಿ ಈ ಮುದುಕನದೇ ಮೈಕ್‌ಸೆಟ್; ಹಾಡಿನ ನಡುವೆ ಸದ್ದು ನಿಂತುಹೋಯಿತು. ನಮ್ಮನ್ನು ಕಂಡರಾಗದ ಆರ್ಕೆಸ್ಟ್ರಾದವರ ಜೊತೆ ಓಡಾಡುತ್ತಿದ್ದ ನಮ್ಮ ಬ್ಯಾಂಡಿನ ರಾಜನೇ ವೈರ್ ಎಳೆದನೆಂದು ಜನರೆದುರು ಬೈದೆ. ಬ್ಯಾಂಡ್ ಅಂದೇ ಒಡೆಯಿತು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಯಜಮಾನ್ರೇ?”

“ನೀವ್ ಯಾರಾದ್ರೂ ಬಂದು ಕೇಳುದ್ರಾ?”

ರಾಜನ ನಂಬರ್ ಹುಡುಕಿಟ್ಟುಕೊಂಡು ವಾರವಾಯಿತು. ಕ್ಷಮೆ ಕೇಳಬೇಕು. ಆದರೆ ಹೀಗೆ ಹೇಳು ಎಂದು ಮುದುಕನಿಗೆ ರಾಜನೇ ಹೇಳಿಕೊಟ್ಟಿದ್ದರೆ ಎಂಬ ಅನುಮಾನ ಕೊರೆಯುತ್ತದೆ. ಇನ್ನೂ ಫೋನ್ ಮಾಡಿಲ್ಲ.