ಪೊಟರೆ ತೋರಿಸಿದ ಪ್ರೇಮಲೀಲಾ

ಜಯಲಕ್ಷ್ಮಿಪುರದ ಆ ಅಡ್ಡರಸ್ತೆಯಲ್ಲಿ ಇಸ್ತ್ರಿ ಪ್ರೇಮಲೀಲಾ ಗೊತ್ತಿಲ್ಲದವರಿಲ್ಲ. ಹನ್ನೆರಡು ವರ್ಷದಿಂದ ಅದೇ ಹೊಂಗೆಮರ, ಅದರ ಕೆಳಗೆ ಅವಳ ಗಾಡಿ. ಬೆಳಿಗ್ಗೆ ಪೆಟ್ಟಿಗೆಗೆ ಕೆಂಡ ತುಂಬಿ ನಿಂತವಳು ಸಂಜೆಯವರೆಗೂ ನಿಂತೇ ಇರಬೇಕು. ಅಷ್ಟು ಹೊತ್ತಿನಲ್ಲಿ ಜನ ಅವಳನ್ನು ಕೇಳುತ್ತಿದ್ದುದು ಒಂದೇ ಮಾತು: "ಆಯ್ತಾ?" ಶರ್ಟು ಆಯ್ತಾ, ಸೀರೆ ಆಯ್ತಾ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅಷ್ಟು ಕೇಳುವವರೂ ಇರಲಿಲ್ಲ.

ಒಂದು ದಿನ ಗಾಡಿಯ ಮೇಲೆ ಟಪ್ ಅಂತ ಒಂದು ಕಪ್ಪು ಉಂಡೆ ಬಿತ್ತು. ಒರೆಸಿ ಎಸೆಯುವುದು ಬಿಟ್ಟು, ಅದೇನು ಹುಚ್ಚೋ, ಪಿನ್ನಿನಿಂದ ಅದನ್ನು ಬಿಡಿಸಿ ನೋಡಿದಳು. ಒಳಗೆ ಜೀರುಂಡೆಯ ರೆಕ್ಕೆಚೂರು, ಸಣ್ಣ ಸಣ್ಣ ಮೂಳೆ, ಹಲ್ಲಿನ ಸಮೇತ ಒಂದು ಇಲಿಯ ದವಡೆ! "ಅಯ್ಯೋ ನಮ್ಮಪ್ಪ!" ಅಂದವಳು ಮಾರನೆಯ ದಿನವೂ ಒಂದನ್ನು ಹೆಕ್ಕಿದಳು. ಮೂರನೆಯ ದಿನ ತಲೆ ಎತ್ತಿ ನೋಡಿದರೆ ಪೊಟರೆಯೊಳಗಿನಿಂದ ಎರಡು ಹಳದಿ ಕಣ್ಣು ಇವಳನ್ನೇ ನೋಡುತ್ತಿವೆ. ಸಣ್ಣ ಗೂಬೆ.

ಅಲ್ಲಿಗೆ ಮುಗಿಯಿತು ನೋಡಿ, ಹೆಂಗಸಿಗೆ ಮರದ ಗೀಳು ಹಿಡಿದುಬಿಟ್ಟಿತು. ಕ್ಯಾಲೆಂಡರ್ ಹಾಳೆಗಳ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುವುದೇನು, ಪ್ಯಾಂಟಿನ ಗೆರೆ ಅರ್ಧಕ್ಕೇ ಬಿಟ್ಟು ಮೇಲೆ ನೋಡುವುದೇನು. ಗೂಬೆ ಅರಗದ್ದನ್ನು ಉಂಡೆ ಮಾಡಿ ಉಗುಳುತ್ತದೆ, ಅಳಿಲು ಒಂದೇ ಸಮ ಅರಚಿದರೆ ಹತ್ತಿರದಲ್ಲಿ ಹಾವೋ ಬೆಕ್ಕೋ ಇದೆ, ಇದನ್ನೆಲ್ಲ ಅವಳಿಗೆ ಯಾರೂ ಕಲಿಸಲಿಲ್ಲ. ನೋಡಿಯೇ ಕಲಿತಳು. ಕಲಿತದ್ದನ್ನು ಬಟ್ಟೆ ತಂದವರಿಗೆಲ್ಲ ಹೇಳಿದಳು. ನಿಧಾನವಾಗಿ ಜನವೂ ನಿಂತು ಕೇಳತೊಡಗಿದರು. "ಪ್ರೇಮಕ್ಕ, ಇದ್ಯಾವ ಹಕ್ಕಿ?" ಅಂತ ಯಾರಾದರೂ ಕೇಳಿದರೆ ಸಾಕು, ಅವಳ ಮುಖ ಅರಳುತ್ತಿತ್ತು. ಆ ಪ್ರಶ್ನೆಗಾಗಿಯೇ ಅವಳು ಬೆಳಿಗ್ಗೆ ಬೇಗ ಬರುತ್ತಿದ್ದಳು ಅಂದರೂ ಸುಳ್ಳಲ್ಲ.

ಈ ವರ್ಷ ಮಾರ್ಚಿನಲ್ಲಿ ಪೊಟರೆಯಲ್ಲಿ ಮರಿಗಳಾದವು. ಒಂದು ಶನಿವಾರ ಮರದ ಎದುರು ಮನೆಯ ಅನಂತಪದ್ಮನಾಭರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಬಟ್ಟೆ ತೆಗೆದುಕೊಂಡು ಹೋಗಲು ಬಂದರು. ಮಗಳ ನಿಶ್ಚಿತಾರ್ಥಕ್ಕೆಂದು ಕೊಟ್ಟಿದ್ದ ಬಿಳಿ ಪಂಚೆಯ ಮೇಲೆ ಹಿಕ್ಕೆಯ ಕಲೆ.

"ಏನಮ್ಮಾ ಇದು?"

"ತಪ್ಪಾಯ್ತು ಸಾರ್, ಒಗ್ದು ಮತ್ತೆ ಇಸ್ತ್ರಿ ಮಾಡ್ಕೊಡ್ತೀನಿ. ಗೂಬೆದು ಸಾರ್ ಅದು. ಮರಿ ಮಾಡ್ಯದೆ!"

"ಗೂಬೇನಾ? ನಮ್ಮನೆ ಎದುರಿಗೇನಾ?" ಅವರ ದನಿ ಇಳಿಯಿತು. "ಎಲ್ಲಿ? ಯಾವ ಕೊಂಬೆ?"

ಅಷ್ಟು ಓದಿದವರು, ಅಷ್ಟು ಆಸ್ಥೆಯಿಂದ ಕೇಳುತ್ತಿದ್ದಾರೆ! ಪ್ರೇಮಲೀಲಾ ಹಿರಿಹಿರಿ ಹಿಗ್ಗಿದಳು. ಅವರ ಕಣ್ಣಲ್ಲಿದ್ದ ಹೆದರಿಕೆಯನ್ನು ಕುತೂಹಲ ಅಂದುಕೊಂಡಳು. ಕೇಳಿದ್ದಕ್ಕೆಲ್ಲ ಹೇಳಿದಳು, ಪುಣ್ಯಾತ್ಗಿತ್ತಿ, ಕೇಳದ್ದನ್ನೂ ಹೇಳಿದಳು. ಅವರನ್ನು ಮರದ ಈಚೆ ಬದಿಗೆ ಕರೆದು, ಬೆರಳು ಚಾಚಿ ಪೊಟರೆ ತೋರಿಸಿದಳು.

"ಮೂರವೆ ಸಾರ್. ದೊಡ್ದು, ನಡುವಿಂದು, ಒಂದು ಪುಟಾಣಿ. ಇನ್ನೊಂದು ವಾರಕ್ಕೆ ಆಚೆ ಬತ್ತವೆ."

"ಓಹೋ," ಅಂದರು ಅವರು.

ಭಾನುವಾರ ಅವಳಿಗೆ ರಜ. ಸೋಮವಾರ ಬಂದು ನೋಡಿದರೆ ಪೊಟರೆಯ ಬಾಯಿಗೆ ಸಿಮೆಂಟು ಮೆತ್ತಿತ್ತು.

ಅವಳು ಗಾಡಿಯ ಮೇಲೆ ಹತ್ತಿ ನಿಂತು ಕೆಂಡದ ಇಕ್ಕಳದಿಂದ ಕುಟ್ಟಿದಳು, ಕೆರೆದಳು. ಕೈ ಸುಲಿದು ರಕ್ತ ಬಂತು. ಸದ್ದು ಕೇಳಿ ಅನಂತಪದ್ಮನಾಭರು ಗೇಟಿಗೆ ಬಂದರು.

"ಬಿಡಮ್ಮ. ಶುಭಕಾರ್ಯ ಇಟ್ಕೊಂಡಿದೀವಿ, ಮನೇಲಿ ಎಲ್ಲಾ ಹೆದರಿಬಿಟ್ರು."

"ಮರಿ ಇದ್ವು ಸಾರ್. ಮೂರಿದ್ವು ಅಂದಿದ್ನಲ್ಲಾ ನಿಮ್ಗೆ!"

"ನೀನೇ ತಾನೆ ತೋರಿಸಿದ್ದು?"

ಅವರು ಚುಚ್ಚಬೇಕೆಂದು ಅಂದದ್ದಲ್ಲ, ಇದ್ದದ್ದನ್ನು ಅಂದರು. ಪ್ರೇಮಲೀಲಾ ಮತ್ತೆ ಇಕ್ಕಳ ಎತ್ತಿ ಕುಟ್ಟತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಸಿಮೆಂಟು ಬಿಟ್ಟುಕೊಂಡಿತು. ಮೂರೂ ಒಂದಕ್ಕೊಂದು ಒತ್ತಿಕೊಂಡು ಬಾಗಿಲ ಕಡೆಗೇ ಬಂದು ಸತ್ತಿದ್ದವು. ಪುಟಾಣಿ ಎಲ್ಲಕ್ಕಿಂತ ಮುಂದಿತ್ತು. ಅವಳು ಅಲ್ಲೇ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದಳು. ಸಂಜೆ ತಾಯಿಯೋ ತಂದೆಯೋ ಕೊಕ್ಕಿನಲ್ಲಿ ಹುಳು ಹಿಡಿದು ಬಂದು ಪೊಟರೆಯೊಳಗೆ ಇಣುಕಿತು. ಹೊರಗೆ ಬಂತು, ಮತ್ತೆ ಇಣುಕಿತು.

"ಇಲ್ಲ ಕಣವ್ವ, ಇಲ್ಲ," ಅಂದಳು ಪ್ರೇಮಲೀಲಾ. "ನಾನೇ ಕಣವ್ವ ಯೋಳ್ಬುಟ್ಟೆ." ಬೀದಿ ಅನ್ನುವುದನ್ನೂ ನೋಡದೆ ಗಾಡಿಗೆ ತಲೆಯಿಟ್ಟು ಅತ್ತಳು.

ಈಗ ಗಾಡಿ ಅದೇ ಬೀದಿಯ ಇನ್ನೊಂದು ತುದಿಯಲ್ಲಿದೆ. ಅಲ್ಲಿನ ಮರದ ಒಣಕೊಂಬೆಯನ್ನು ಕುಟ್ರುಹಕ್ಕಿ ಗೂಡಿಗೆಂದು ಕೊರೆಯತೊಡಗಿ ಒಂಬತ್ತು ದಿನವಾಯಿತು, ಕೆಲಸವನ್ನು ಗಂಡು ಹೆಣ್ಣು ಎರಡೂ ಸರದಿಯಲ್ಲಿ ಮಾಡುತ್ತವೆ, ಎಲ್ಲವೂ ಅವಳಿಗೆ ಗೊತ್ತು. ಮೊನ್ನೆ ಚೂಡಿದಾರ ತಂದ ಕಾಲೇಜು ಹುಡುಗಿ ಭಾನುಪ್ರಿಯಾ ಕಿವಿಗೊಟ್ಟು ನಿಂತಳು.

"ಪ್ರೇಮಕ್ಕ, ಎಷ್ಟು ಚೆನ್ನಾಗಿ ಕೂಗ್ತಿದೆ! ಯಾವ ಹಕ್ಕಿ ಅದು? ಎಲ್ಲಿದೆ?"

ಪ್ರೇಮಲೀಲಾ ತಲೆ ಎತ್ತಲಿಲ್ಲ.

"ನಂಗೆಂಗವ್ವ ಗೊತ್ತಾಯ್ತದೆ? ನಾನು ಬಟ್ಟೆ ಉಜ್ಜೋಳು."