ಫ್ರೇಮು ನೋಡಲು ಹೋದ ದಿನ

ದಾನೇಶ್ವರಿಯನ್ನು ನೋಡಲು ಯಾರೂ ಬರಲಿಲ್ಲ. ಭೋಜ ಎಂಬ ಊರಿನ ತವರುಮನೆಯಲ್ಲಿ ಅವಳು ಹುಟ್ಟಿದ ವಾರವೇ ಸೋದರತ್ತೆ ಚನ್ನವ್ವ ತೊಟ್ಟಿಲ ಮೇಲೆ ಬಾಗಿ, ಇವಳು ನಮ್ಮ ರೋಹನನಿಗೆ ಎಂದು ಹೇಳಿಬಿಟ್ಟಿದ್ದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಇಳಿಸಲೂ ಇಲ್ಲ. ಚಿಕ್ಕೋಡಿಯಲ್ಲಿ ಬಿ.ಎ. ಮುಗಿದ ವರ್ಷ ಲಗ್ನವಾಯಿತು. ಅಥಣಿ ಕಡೆಯ ಅನಂತಪುರಕ್ಕೆ, ದ್ರಾಕ್ಷಿ ತೋಟದೊಳಗಿನ ಅತ್ತೆಯ ಮನೆಗೆ, ಶಾಲೆಯ ಸೂಟಿಗೆ ಬರುತ್ತಿದ್ದಂತೆಯೇ ಚೀಲ ಹಿಡಿದು ಬಂದಳು. ಗೊತ್ತಿದ್ದ ಬಾಗಿಲು, ಗೊತ್ತಿದ್ದ ನಾಯಿ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೂಡ ಯಾರೂ ತೋರಿಸಬೇಕಾಗಲಿಲ್ಲ.

ಪಕ್ಕದ ತೋಟದ ಸೊಸೆ ಜಿನಮತಿಯೂ ಅದೇ ವರ್ಷ ಬಂದವಳು. ಮಧ್ಯಾಹ್ನ ಇಬ್ಬರೂ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುವಾಗ, ತನ್ನನ್ನು ನೋಡಲು ಬಂದವರ ಕತೆಯನ್ನು ಜಿನಮತಿ ಸಿಟ್ಟಿನಿಂದ ಹೇಳುತ್ತಿದ್ದಳು. ಒಬ್ಬರು ಅಂಗಳದಲ್ಲಿ ನಡೆಸಿ ನೋಡಿದರಂತೆ, ಇನ್ನೊಬ್ಬರು ಪೇಪರು ಓದಿಸಿದರಂತೆ, ಒಬ್ಬ ಮುದುಕಿ ಸೌತೆಕಾಯಿ ಆರಿಸುವಂತೆ ಮುಂಗೈ ಹಿಚುಕಿದಳಂತೆ. ದಾನೇಶ್ವರಿ ಛೇ ಛೇ ಎನ್ನುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಇಂಥದರ ವಿರುದ್ಧ ಭಾಷಣ ಮಾಡಿ ಬಹುಮಾನ ತಂದವಳು ಅವಳು. ಆದರೂ ಒಳಗೆಲ್ಲೋ ಸಣ್ಣಗೆ ಉರಿಯುತ್ತಿತ್ತು. ತನ್ನ ಮುಂಗೈಯನ್ನು ಯಾರೂ ಹಿಚುಕಿರಲಿಲ್ಲ.

ರೋಹನ ಕೆಟ್ಟವನಲ್ಲ. ಹಗಲೆಲ್ಲ ತೋಟದಲ್ಲಿ ದುಡಿಯುವನು. ಸಂಜೆ ಒಣದ್ರಾಕ್ಷಿ ಶೆಡ್ಡಿನ ಹಿಂದೆ ಹೋಗುವನು. ಕೃಷಿಹೊಂಡ ತೋಡಿದಾಗ ಎದ್ದ ಮಣ್ಣನ್ನು ಅಲ್ಲಿ ಎರಡು ದಿಬ್ಬವಾಗಿ ಒಟ್ಟಿ, ನೀರು ಹೊಡೆದು ಬಡಿದು ಗಟ್ಟಿ ಮಾಡಿದ್ದ. ಒಂದರಿಂದ ಸೈಕಲ್ಲನ್ನು ಹಾರಿಸಿ, ನಡುಗಾಳಿಯಲ್ಲಿ ಒಂದು ಕೈ ಬಿಟ್ಟು, ಮತ್ತೊಂದರ ಮೇಲೆ ಇಳಿಯುವನು. ಹಾಗೆ ಇಳಿಯುವಾಗಲೇ ಒಂದು ಸಂಜೆ ಸೈಕಲ್ಲಿನ ಹಳೆಯ ಫ್ರೇಮು ಹ್ಯಾಂಡಲಿನ ಕೊರಳಲ್ಲಿ ಬಿರಿಯಿತು. ಅವನಿಗೆ ಪೆಟ್ಟಾಗಲಿಲ್ಲ. ಅಂದಿನಿಂದ ಅವನು ಹೊಸ ಫ್ರೇಮು ಹುಡುಕತೊಡಗಿದ.

ಹುಡುಕುವುದೆಂದರೆ ಹಾಗೆ ಹೀಗೆ ಅಲ್ಲ. ಊಟದ ತಾಟಿನ ಪಕ್ಕ ಮೊಬೈಲು. ಅದರಲ್ಲಿ ಬರೀ ಫ್ರೇಮುಗಳು. ಅವುಗಳ ಗುಣವನ್ನು ಅವಳಿಗೂ ಹೇಳುತ್ತಿದ್ದ. ಹಿಂಭಾಗ ಗಿಡ್ಡವಿರಬೇಕು, ಆಗ ಮುಂದಿನ ಚಕ್ರ ಸುಲಭವಾಗಿ ಏಳುತ್ತದೆ. ಮೇಲಿನ ಕೊಳವೆ ಕೆಳಗಿಳಿದಿರಬೇಕು, ಇಲ್ಲವಾದರೆ ಸೈಕಲ್ಲನ್ನು ಗಾಳಿಯಲ್ಲಿ ತಿರುಗಿಸುವಾಗ ಮೊಣಕಾಲಿಗೆ ಬಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಬಿರಿದರೆ ಮುಗಿಯಿತು. ಕ್ರೋಮೋಲಿ ಎಂಬ ಉಕ್ಕು ತುಸು ಭಾರ, ಆದರೆ ಪೆಟ್ಟು ತಿಂದು ತಾಳಿಕೊಳ್ಳುತ್ತದೆ. ಹಗುರವೋ ತಾಳಿಕೆಯೋ ಎಂದು ಅವನು ದ್ರಾಕ್ಷಿ ಹೂವಾದಾಗ ಯೋಚಿಸಲು ಕೂತವನು, ಕಾಯಿ ಬಲಿತರೂ ಎದ್ದಿರಲಿಲ್ಲ. ತನ್ನ ವಿಷಯದಲ್ಲಿ ಇವನು ಒಂದು ಸಂಜೆಯಾದರೂ ಹೀಗೆ ಯೋಚಿಸಿದ್ದನೇ ಎಂದು ದಾನೇಶ್ವರಿ ರೊಟ್ಟಿ ತಟ್ಟುತ್ತ ಲೆಕ್ಕ ಹಾಕುತ್ತಿದ್ದಳು. ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಗೇಡು ಎಂದು ಅವಳಿಗೆ ತಿಳಿದಿತ್ತು. ತಿಳಿದರೆ ಕಿಚ್ಚು ಆರುತ್ತದೆಯೇ?

ನಿಪ್ಪಾಣಿಯಲ್ಲಿ ಸುರಜ ಎಂಬವನ ಹತ್ತಿರ ಒಂದು ಫ್ರೇಮಿದೆ ಎಂದು ಸುದ್ದಿ ಬಂತು. ಭುಜದ ಮೂಳೆ ಮುರಿದುಕೊಂಡು ಅವನು ಆಟ ಬಿಟ್ಟಿದ್ದ. ದಾರಿಯಲ್ಲಿ ಅವಳನ್ನು ಭೋಜದ ತವರಿನಲ್ಲಿ ಬಿಟ್ಟು ಹೋಗುವೆನೆಂದ ರೋಹನ. ಬೇಡ, ನಾನೂ ಬರುತ್ತೇನೆ ಎಂದಳು. ಅವನಿಗೆ ಖುಷಿಯಾಯಿತು.

ಸುರಜನ ತಾಯಿ ಕಾಶಿಬಾಯಿ ಇಬ್ಬರನ್ನೂ ಮಂಚದ ಮೇಲೆ ಕೂರಿಸಿ, ಈರುಳ್ಳಿ ಹಾಕಿದ ಅವಲಕ್ಕಿ, ಕಾಂದಾಪೋಹೆಯ ತಾಟು ಕೈಗಿಟ್ಟಳು. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಕೊಡುವಂಥದೇ ಪೋಹೆ. ಮೇಲೆ ಕೊಬ್ಬರಿ ತುರಿ, ಪಕ್ಕಕ್ಕೆ ನಿಂಬೆ ಹೋಳು. ಒಳಗಿನಿಂದ ಸುರಜ ಹಳೆಯ ಸೀರೆಯಲ್ಲಿ ಸುತ್ತಿದ ಫ್ರೇಮನ್ನು ಎರಡೂ ಕೈಯಲ್ಲಿ ತಂದು ಚಾಪೆಯ ಮೇಲಿಟ್ಟು, ಸೆರಗು ಸರಿಸಿದಂತೆ ಮೆಲ್ಲಗೆ ಸೀರೆ ಸರಿಸಿದ. ಎಳೆ ಹುಲ್ಲಿನ ಹಸಿರು ಬಣ್ಣ. ಅಲ್ಯೂಮಿನಿಯಂ. ರೋಹನ ತಾಟು ಕೆಳಗಿಟ್ಟ.

ಆಮೇಲೆ ಅವನು ಅದನ್ನು ನೋಡಿದ ಬಗೆಯನ್ನು ದಾನೇಶ್ವರಿ ನೋಡಿದಳು. ಬೆರಳಿನಲ್ಲಿ ಎತ್ತಿ ತೂಗಿ ನಕ್ಕ. ಬೆಸುಗೆಗಳ ಮೇಲೆ ಹೆಬ್ಬೆರಳು ಆಡಿಸಿದ. ಉಗುರಿನಿಂದ ತಟ್ಟಿ ಸದ್ದು ಕೇಳಿದ. ಯಾರು ಯಾರು ಓಡಿಸಿದ್ದಾರೆ, ಎಲ್ಲೆಲ್ಲಿ ಬಿದ್ದಿದೆ, ಮಳೆಯಲ್ಲಿ ನೆನೆದಿದೆಯೇ, ಏಕೆ ಕೊಡುತ್ತಿದ್ದೀರಿ ಎಂದು ಕೇಳಿದ. ಉತ್ತರ ಬರುವ ತನಕ ತಾಳ್ಮೆಯಿಂದ ಕಾದ. ಒಂದು ವಸ್ತುವಿನ ಪೂರ್ವಾಪರ ಇಷ್ಟು ಬೇಕೇ ಮನುಷ್ಯನಿಗೆ? ಅವಳೂ ಆ ಫ್ರೇಮನ್ನೇ ನೋಡತೊಡಗಿದಳು, ಆದರೆ ಬೇರೆ ಕಣ್ಣಿನಿಂದ. ಎಲ್ಲಿಯಾದರೂ ಒಂದು ಕುಂದು ಸಿಗಲಿ ಎಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

“ಹ್ಯಾಂಗ ಅನಸ್ತು ಪೋರಿ, ನೀ ಏನೂ ಹೇಳವಲ್ಲಿ?” ಕಾಶಿಬಾಯಿ ಕೇಳಿದಳು.

“ಚಲೋ ಐತ್ರಿ ಮಾವಶಿ. ಆದ್ರ ಎಲ್ಲಾ ಸ್ಟಿಕ್ಕರ್ ಸವದಾವು, ಕೊಳ್ಳಾಗಿಂದು ಇದೊಂದ ಯಾಕ ಹೊಸಾದೈತಿ?”

ರೋಹನ ಫ್ರೇಮನ್ನು ಮಗುಚಿ, ಹ್ಯಾಂಡಲಿನ ಕೊರಳ ಕೆಳಗೆ ಅಂಟಿಸಿದ್ದ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದ. ಅಡಿಯಲ್ಲಿ ಕೂದಲೆಳೆಯಂಥ ಬಿರುಕು. ಹಳೆಯ ಫ್ರೇಮು ಬಿರಿದದ್ದೂ ಇದೇ ಜಾಗದಲ್ಲಿ. ಸುರಜ ತಲೆ ತಗ್ಗಿಸಿದ. ಕಾಶಿಬಾಯಿ ಮಗನಿಗೆ ಮರಾಠಿಯಲ್ಲಿ ಬೈಯುತ್ತ ಒಳಗೆ ಹೋದವಳು, ಇವರು ಹೊರಡುವ ತನಕ ಮುಖ ತೋರಿಸಲಿಲ್ಲ.

ಚಿಕ್ಕೋಡಿ ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ದಾರಿ ಬಿಟ್ಟು ಬೈಕು ನಿಲ್ಲಿಸಿದಾಗ, ರೋಹನ ಇನ್ನೂ ಅದೇ ಮಾತಿನಲ್ಲಿದ್ದ. ತಾನು ಅಷ್ಟು ಮುಟ್ಟಿ ನೋಡಿಯೂ ಕಾಣಲಿಲ್ಲ, ಅದರ ಮೇಲೆ ಹಾರಿದ್ದರೆ ಹಲ್ಲು ಉಳಿಯುತ್ತಿರಲಿಲ್ಲ ಎಂದ.

“ನಿನ್ನ ಕಣ್ಣು ಭಾಳ ಚೊಕ್ಕ ಅದಾವು ದಾನು.”

“ಚೊಕ್ಕ ಏನಲ್ರಿ. ನನಗ ಅದು ಸೇರಲಿಲ್ಲ. ನೀವು ಅದನ್ನ ಹಂಗ ನೋಡಾಕತ್ತಿದ್ರಿ.”

“ಹಂಗ ಅಂದ್ರ?”

“ನನ್ನ ಹಂಗ ಯಾವಾಗರ ನೋಡೀರೇನು?”

ಅವನು ನಕ್ಕ. “ನಿನ್ನ ಏನ್ ನೋಡೂದೈತಿ? ಸಣ್ಣಾಕಿದ್ದಾಗಿಂದ ನೋಡೇನಲಾ.”

“ಹಂಗಾರ ಹೇಳ್ರಿ. ನನಗ ಈಜಾಕ ಬರತೈತೋ ಇಲ್ಲೋ?”

ರೋಹನ ಬಾಯಿ ತೆರೆದ. ಟ್ರ್ಯಾಕ್ಟರೊಂದು ಹೋಯಿತು, ಇನ್ನೊಂದು ಹೋಯಿತು. ಇಲ್ಲ ಅನಸ್ತೈತಿ, ಎಂದ ಕೊನೆಗೆ. ಅವಳು ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ದಾರಿ ಖಾಲಿಯಾಯಿತು, ಹೊರಡಿ ಎಂದಳು.

ಅಂದಿನಿಂದ ಅವನು ಹಗುರದ ಮಾತು ಬಿಟ್ಟ. ಉಕ್ಕೇ ಆಗಬೇಕು ಎಂದು ನಿಶ್ಚಯಿಸಿ ಹುಡುಕಿದಾಗ ರಾಯಬಾಗದಲ್ಲಿ ಒಂದು ಸಿಕ್ಕಿತು. ನೀನೇ ನೋಡಬೇಕು ಎಂದು ಅವಳನ್ನು ಕರೆದುಕೊಂಡು ಹೋದ. ಕಪ್ಪು ಬಣ್ಣ, ಹೊಳಪಿಲ್ಲ, ಗಿಡ್ಡ ಮೈ. ದಾನೇಶ್ವರಿ ಮನಸ್ಸಿಟ್ಟು ಕುಂದು ಹುಡುಕಿದಳು. ಬಿಸಿಲಿಗೆ ತಂದು ಹುಡುಕಿದಳು, ಸೆರಗಿನಿಂದ ಧೂಳು ಒರೆಸಿ ಹುಡುಕಿದಳು. ಚೈನು ತಿಕ್ಕಿದ ಒಂದು ಗೀರು ಬಿಟ್ಟರೆ ಏನೂ ಇರಲಿಲ್ಲ. ಸುಳ್ಳು ಹೇಳುವ ಆಸೆ ನಾಲಗೆಯ ತುದಿಗೆ ಬಂದು ಕೂತಿತು. ಬೇಡವೆಂದರೆ ಅವನು ಬೇಡವೆನ್ನುತ್ತಿದ್ದ. ತಗೊಳ್ರಿ ಎಂದಳು, ಮುಖ ಆಚೆ ತಿರುಗಿಸಿ.

ಬೈಕಿನ ಮೇಲೆ ಅದನ್ನು ಇಡಲು ಬೇರೆ ಜಾಗವಿಲ್ಲ. ಅನಂತಪುರದವರೆಗೂ ಅವಳೇ ತೊಡೆಯ ಮೇಲಿಟ್ಟುಕೊಂಡು, ತೋಳಿನಲ್ಲಿ ಬಳಸಿ ಹಿಡಿದಳು. ತಣ್ಣಗಿತ್ತು, ಕುಲುಕಿದಾಗಲೆಲ್ಲ ಪಕ್ಕೆಗೆ ಒತ್ತುತ್ತಿತ್ತು. ತಗ್ಗು ಬಂದಾಗ ರೋಹನ ಹಿಂದೆ ತಿರುಗಿ, ಫ್ರೇಮಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಿದ. ಅವಳು ಅದನ್ನು ಪಕ್ಕೆಯಿಂದ ತುಸು ಆಚೆ ಸರಿಸಿದಳು.

ಬಾಗಿಲಲ್ಲಿ ನಿಂತಿದ್ದ ಚನ್ನವ್ವ ಸೊಸೆಯನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು. “ಸವತಿನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡ ಬಂದಿ ನೋಡವ್ವಾ!”

ಚಕ್ರ, ಚೈನು, ಹ್ಯಾಂಡಲ್ ಕೂಡಿಸಿ ರೋಹನ ಅದರ ಮೇಲೆ ಮೊದಲ ಸಲ ಹಾರಿದ ಸಂಜೆ, ನೋಡಲು ಅವಳು ಹೋಗಲಿಲ್ಲ. ಒಲೆಯ ಮುಂದೆ ಕೂತಿದ್ದಳು. ಶೆಡ್ಡಿನ ಹಿಂದಿನಿಂದ ಹುಡುಗರ ಕೇಕೆ ಕೇಳಿದಾಗ ರೊಟ್ಟಿಯ ಅಂಚು ಹರಿಯಿತು. ಮಣ್ಣು ಮೆತ್ತಿದ ಕಾಲು ತೊಳೆದು ಅವನು ಊಟಕ್ಕೆ ಬಂದ. ಫ್ರೇಮಿನ ಗುಣಗಾನ ಕೇಳಲು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಅವನು ಒಂದು ತುತ್ತು ಉಂಡು, ತಾಟು ನೋಡುತ್ತ, ತಾಯಿ ಎದುರಿಗಿದ್ದಾಳೆ ಎಂಬುದನ್ನೂ ಮರೆತು ಕೇಳಿದ:

“ದಾನು, ನಿನಗ ಈಜಾಕ ಬರತೈತೇನು?”

ಚನ್ನವ್ವ ನೀರಿನ ಚರಿಗೆ ಕೆಳಗಿಟ್ಟು ನಕ್ಕಳು. ಲಗ್ನವಾಗಿ ವರ್ಷವಾದ ಮೇಲೆ ಇವನು ಹೆಣ್ಣು ನೋಡಲು ಬಂದಿದ್ದಾನೆ ಎಂದಳು. ಅವನ ಕಿವಿ ಕೆಂಪಾದವು, ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

“ಬರತೈತಿ,” ಎಂದಳು ದಾನೇಶ್ವರಿ.

“ಯಾರು ಕಲಸಿದ್ರು?”

“ಅಪ್ಪ. ದೂಧಗಂಗಾ ಹೊಳ್ಯಾಗ.”

“ಅಂಜಿಕಿ ಬರತಿತ್ತೇನು?”

ಇದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ತವೆಯ ಮೇಲಿನ ರೊಟ್ಟಿ ಇಳಿಸಿ, ನೆನಪು ಮಾಡಿಕೊಳ್ಳತೊಡಗಿದಳು. ರೋಹನ ಉಣ್ಣುವುದನ್ನು ಬಿಟ್ಟು ಕಾಯುತ್ತಿದ್ದ.